ಡಬ್ಬಿಯಲ್ಲಿಲ್ಲದ ಹೆಸರು

ಮೊದಲೇ ತಪ್ಪಾಯಿತು ಅಂತ ಹೇಳಿಬಿಡುತ್ತೇನೆ. ಇಬ್ಬರ ನಡುವೆ ನಡೆದದ್ದನ್ನು ಮೂರನೆಯವರು ಬರೆಯುವುದು ಒಳ್ಳೆಯ ಲಕ್ಷಣವಲ್ಲ. ಅದರಲ್ಲೂ ಹಗಲು ದುಡಿದು, ಸಂಜೆ ಕ್ಲಾಸಿನಲ್ಲಿ ಕುಳಿತು ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಕಲಿತವರು ಮಾಸ್ತರರ ಕಥೆ ಹೇಳಲು ಹೊರಟರೆ ಎಲ್ಲಿ ಏನು ತಪ್ಪುತ್ತದೋ ಎಂಬ ಅಂಜಿಕೆ ಇದ್ದೇ ಇರುತ್ತದೆ. ಎಷ್ಟೋ ಸಲ ಬರೆದು ಹರಿದು ಹಾಕಿದ್ದಾಯಿತು. ಹೇಳದೆ ಬಿಟ್ಟರೆ ಅದೂ ಸಮಾಧಾನವಿಲ್ಲ. ತಿದ್ದಬಲ್ಲವರು ತಿದ್ದಿಕೊಂಡು ಓದಿ.

ತಿಕೋಟಾದ ಒಂದು ಸರಕಾರಿ ಶಾಲೆಯಲ್ಲಿ ವಿಶಾಖಾ ಟೀಚರ್ ನಾಲ್ಕನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಆ ದಿನದ ಪಾಠ, ಹೆಸರುಗಳ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯುವುದು. ಮನುಷ್ಯರ ಹೆಸರು, ಊರಿನ ಹೆಸರು, ವಾರದ ಹೆಸರು. ಮಾಳು ಎಂಬ ಹುಡುಗ ಎದ್ದು ನಿಂತು, ನಮ್ಮ ಕನ್ನಡದಾಗ ಎಲ್ಲಾ ಅಕ್ಷರ ಒಂದಽ ಎತ್ತರ ಅದಾವು, ಇಂಗ್ಲಿಷಿಗೆ ಯಾಕ್ರಿ ಈ ಭೇದ ಅಂತ ಕೇಳಿದ.

ವಿಶಾಖಾ ಹಾಜರಿ ಪುಸ್ತಕ ಕೈಗೆತ್ತಿಕೊಂಡಳು.

"ನಾ 'ಹುಡುಗ' ಅಂತ ಕರದ್ರ ಯಾರು ಏಳ್ತೀರಿ?"

"ಯಾರೂ ಏಳಂಗಿಲ್ರಿ."

"ಮಾಳು ಅಂದ್ರ?"

"ನಾ ಎದ್ದು ನಿಂದರ್ತೇನ್ರಿ."

"ಅಷ್ಟಽ. ಹುಡುಗ ಅಂದ್ರ ಅಕ್ಷರ ಕುಂತಿರತೈತಿ. ಮಾಳು ಅಂದ್ರ ಮೊದಲನೇ ಅಕ್ಷರ ಎದ್ದು ನಿಂದರತೈತಿ. ಕರದದ್ದು ತನ್ನನ್ನಽ ಅಂತ ಅದಕ್ಕ ಗೊತ್ತು."

ಮಕ್ಕಳಿಗೆ ತಿಳಿಯಿತು. ತಿಳಿದ ಖುಷಿಗೆ ಒಬ್ಬಳು ತನ್ನ ಎಮ್ಮೆಯ ಹೆಸರಿಗೂ ದೊಡ್ಡಕ್ಷರ ಕೇಳಿ ಪಡೆದಳು. ವಿಶಾಖಾ ಹಲಗೆ ಒರೆಸಲು ತಿರುಗಿದಳು. ಈ ಪಾಠ ಅವಳದ್ದಾಗಿರಲಿಲ್ಲ. ಅಜಿತ ಸರ್ ಅವರದ್ದು.

ಅಜಿತ ಅದೇ ಶಾಲೆಯಲ್ಲಿ ಎರಡು ವರ್ಷ ಅವಳ ಜೊತೆ ಇದ್ದ. ಮಧ್ಯಾಹ್ನದ ಊಟ ಆದಮೇಲೆ ಇಬ್ಬರೂ ಬೇವಿನ ಮರದ ಕೆಳಗೆ ಕುಳಿತು ರಟ್ಟು ಕತ್ತರಿಸಿ ಅಕ್ಷರ ಮಾಡುತ್ತಿದ್ದರು. ಅವನು ಮಾತಾಡುವಾಗ ಕತ್ತರಿಯನ್ನೇ ನೋಡುತ್ತಿದ್ದ. ಕೆಂಪು ಪೆನ್ನು ಕೊಡುವಾಗ ಮುಚ್ಚಳ ತೆಗೆದು ಹಿಂದಕ್ಕೆ ಸಿಕ್ಕಿಸಿ, ತುದಿಯನ್ನು ತನ್ನ ಕಡೆ ಮಾಡಿಕೊಂಡು ಚಾಕು ಕೊಡುವವರ ಹಾಗೆ ಕೊಡುತ್ತಿದ್ದ. ಅವಳ ಬೆರಳು ಪೆನ್ನನ್ನು ಹಿಡಿಯುವವರೆಗೆ ಅವನ ಕಣ್ಣು ಪೆನ್ನಿನ ಮೇಲೆ. ಹಿಡಿದ ಮರುಗಳಿಗೆ ಒಂದು ಸಲ, ರೆಪ್ಪೆ ಎತ್ತಿ ಇಳಿಸುವಷ್ಟು ಹೊತ್ತು, ಅವಳ ಮೇಲೆ.

ಆ ಒಂದು ರೆಪ್ಪೆಯ ನೋಟಕ್ಕಾಗಿ ವಿಶಾಖಾ ದಿನಕ್ಕೆ ನಾಲ್ಕು ಸಲ ಪೆನ್ನು ಮರೆಯುತ್ತಿದ್ದಳು.

ಜುಲೈನಲ್ಲಿ ಅವನನ್ನು ಬಬಲೇಶ್ವರದ ಶಾಲೆಗೆ ಒಂದು ವರ್ಷದ ಮಟ್ಟಿಗೆ ನಿಯೋಜನೆಯ ಮೇಲೆ ಕಳಿಸಿದರು. ಹೋಗುವ ದಿನ ತಿಕೋಟಾ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸು ಬಂದು ನಿಂತ ಮೇಲೆ, ಎಲ್ಲರೂ ಹತ್ತಿದ ಮೇಲೆ ಅವನು ಹೇಳಿದ:

"ದಸರಾ ರಜಾದಾಗ ಭೂತನಾಳಕ್ಕ ಬರ್ತೇನ್ರಿ ಟೀಚರ್. ನಿಮ್ಮ ಅಪ್ಪಾರ ಕೂಡ ಒಂದು ಮಾತಾಡೋದೈತಿ."

ಏನು ಮಾತು ಅಂತ ಅವಳು ಕೇಳಲಿಲ್ಲ. ಬರ್ರಿ ಎಂದಳು. ವಿಜಯಪುರಕ್ಕೆ ಹೋಗಿ ಅಲ್ಲಿಂದ ಭೂತನಾಳದ ಮನೆ ಮುಟ್ಟುವ ತನಕ ಆ ಒಂದು ಮಾತನ್ನು ಇಪ್ಪತ್ತು ಸಲ ತಿರುವಿ ನೋಡಿದಳು. ಅಪ್ಪ ಕರೆಪ್ಪ ಕೆರೆಯಿಂದ ನಗರಕ್ಕೆ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಅವನ ಕೂಡ ಅಜಿತನಿಗೆ ನೀರಿನ ಮಾತಂತೂ ಇರಲಾರದು.

ಎರಡು ಶಾಲೆಯ ಮಕ್ಕಳು ವಾರಕ್ಕೊಮ್ಮೆ ವಾಕ್ಯ ಬರೆದು ಒಬ್ಬರಿಗೊಬ್ಬರು ಕಳಿಸಬೇಕು ಎನ್ನುವ ಯೋಜನೆ ವಿಶಾಖಾಳದ್ದು. ನಿಯಮವೂ ಅವಳದ್ದೇ: ಗೊತ್ತಿದ್ದ ಮನುಷ್ಯರು, ಗೊತ್ತಿದ್ದ ಊರು, ನಡೆದ ಸಂಗತಿ. ಸುಳ್ಳು ಬರೆದರೆ ಹೆಸರಿಗೆ ಬೆಲೆ ಇರುವುದಿಲ್ಲ ಅಂತ ಫೋನಿನಲ್ಲಿ ವಿವರಿಸಿದ್ದಳು. ಅಜಿತ ಹೂಂ ಎಂದಿದ್ದ. ಬಬಲೇಶ್ವರದ ಮಕ್ಕಳ ಕಾಗದ ಇವಳು ತಿದ್ದಬೇಕು, ಇಲ್ಲಿಯ ಮಕ್ಕಳದ್ದು ಅವನು. ಕಟ್ಟು ತರುವವನು ಮಲ್ಲಿಕಸಾಬ. ಅವನು ಟಂಟಂ ಆಟೋದಲ್ಲಿ ಎರಡೂ ಕಡೆಯ ಶಾಲೆಗಳಿಗೆ ಬಿಸಿಯೂಟದ ಮೊಟ್ಟೆ ಮುಟ್ಟಿಸುತ್ತಿದ್ದ. ಮೊಟ್ಟೆಯ ಟ್ರೇ ಮೇಲೆ ಕಾಗದದ ಕಟ್ಟು ಇಟ್ಟು, ದಾರ ಬಿಗಿದು, ಒಂದೂ ಒಡೆಯದಂತೆ ತರುತ್ತಿದ್ದ.

ಮೊದಲ ಕಟ್ಟು ಬಿಚ್ಚಿದಳು. ಮೂವತ್ತೆರಡು ಕಾಗದ. ನಾಲ್ಕನೆಯದರಲ್ಲಿ, ಅಜಿತ್ ಸರ್ ಮಂಗಳವಾರ ಪೂನಮ್ ಟೀಚರ್ ಜೊತೆ ಜೈನಾಪುರಕ್ಕೆ ಹೋದರು ಅಂತ ಇತ್ತು.

ಪೂನಮ ಯಾರು ಅಂತ ಅವಳಿಗೆ ಗೊತ್ತಿತ್ತು. ಜೈನಾಪುರದ ಹುಡುಗಿ, ಬಬಲೇಶ್ವರದ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬೇಸಿಗೆಯಲ್ಲಿ ವಿಜಯಪುರದ ಟ್ರೇನಿಂಗಿನಲ್ಲಿ ಸಿಕ್ಕಿದ್ದಳು. ನಕ್ಕರೆ ಮುಂದಿನ ಎರಡು ಹಲ್ಲಿನ ನಡುವಿನ ಸಂದಿ ಕಾಣುತ್ತಿತ್ತು, ಅದು ಅವಳಿಗೆ ಒಪ್ಪುತ್ತಲೂ ಇತ್ತು. ಊಟದ ಹೊತ್ತಿಗೆ ಎಲ್ಲರ ಡಬ್ಬಿಗೂ ತನ್ನ ಮನೆಯ ಶೇಂಗಾ ಚಟ್ನಿ ಹಾಕಿದ್ದಳು. ಅಜಿತನ ಡಬ್ಬಿಗೆ ಎರಡು ಸಲ.

ಯಾವುದೋ ಕೆಲಸಕ್ಕೆ ಹೋಗಿರಬೇಕು ಅಂತ ವಿಶಾಖಾ ತನಗೆ ತಾನೇ ಹೇಳಿಕೊಂಡಳು. ಆ ಮಗು 'ಪೂನಮ್' ಎನ್ನುವುದನ್ನು ಸಣ್ಣಕ್ಷರದಲ್ಲಿ ಬರೆದಿತ್ತು. ಟೀಚರ್ ಆದವಳು ತಿದ್ದದೆ ಬಿಡುವ ಹಾಗಿಲ್ಲ. ಕೆಂಪು ಪೆನ್ನು ತೆಗೆದು ತನ್ನ ಕೈಯಾರೆ ಆ ಹೆಸರಿನ ಮೊದಲ ಅಕ್ಷರವನ್ನು ಎತ್ತರಕ್ಕೆ ನಿಲ್ಲಿಸಿದಳು.

ಎರಡನೆಯ ವಾರ ಗುರುವಾರ, ಕಾಖಂಡಕಿ. ಮೂರನೆಯ ವಾರ ಅವರಿಬ್ಬರ ಹೆಸರು ನಾಲ್ಕು ಕಾಗದದಲ್ಲಿ ಜೊತೆಯಾಗಿತ್ತು. ಒಂದರಲ್ಲಿ ಗೋಳಗುಮ್ಮಟಕ್ಕೆ ಹೋಗಿದ್ದರು. ಬೇರೆ ಕಾಗದಗಳೂ ಇದ್ದವು. ಅಡುಗೆಯ ರಾಚವ್ವ ಸೋಮವಾರ ಮಲ್ಲಿಕಸಾಬನ ಜೊತೆ ದಿಲ್ಲಿಗೆ ಹೋದಳು ಅಂತ ಒಬ್ಬ ಬರೆದಿದ್ದ. ವಿಶಾಖಾ ಟ್ರೇ ಇಳಿಸುತ್ತಿದ್ದ ಮಲ್ಲಿಕಸಾಬನನ್ನೇ ಕೇಳಿದಳು, ದಿಲ್ಲಿ ಹೆಂಗಿತ್ತು ಅಂತ. ಅವನು ನಕ್ಕು, ನಾ ದಿಲ್ಲಿಗೆ ಹೋದ್ರ ನಿಮ್ಮ ಮಕ್ಕಳಿಗೆ ತತ್ತಿ ಯಾರು ತಂದಾರ್ರಿ ಎಂದ.

ಅಲ್ಲಿಗೇ ಅವಳಿಗೆ ತಿಳಿಯಬೇಕಾಗಿತ್ತು. ಆದರೆ ಹೊಟ್ಟೆಕಿಚ್ಚಿಗೆ ಇರುವುದು ಒಂದೇ ಕಣ್ಣು. ದಿಲ್ಲಿಯದು ಮಕ್ಕಳ ತುಂಟತನ ಅಂತ ಬದಿಗಿಟ್ಟಳು. ಜೈನಾಪುರದ್ದು ಖರೆ ಅಂತ ಎದೆಗೆ ಹಾಕಿಕೊಂಡಳು.

"ಪೂನಮ್ ಟೀಚರು ಆರಾಮ ಅದಾರೇನು?" ಅಂತ ಮಲ್ಲಿಕಸಾಬನನ್ನು ಸಹಜವಾಗಿ ಕೇಳಿದ ಹಾಗೆ ಕೇಳಿದಳು.

"ಆರಾಮ ಅದಾರ್ರಿ. ಯಾವಾಗ ಹೋದ್ರೂ ಸರ್ ಕೂಡ ಕುಂತು ಕಾಗದ ಕತ್ತರಸಾಕತ್ತಿರ್ತಾರ ನೋಡ್ರಿ."

ಜೈನಾಪುರ, ಗೋಳಗುಮ್ಮಟ ಎಲ್ಲವನ್ನೂ ಹೇಗೋ ನುಂಗಬಹುದಿತ್ತು. ಕತ್ತರಿಯನ್ನು ನುಂಗುವುದು ಹೇಗೆ? ಕಾಗದ ಕತ್ತರಿಸುವುದು ಅವಳದ್ದೂ ಅವನದ್ದೂ ಆಗಿದ್ದ ಕೆಲಸ. ಮೊಟ್ಟೆ ಎಣಿಸುತ್ತಿದ್ದ ಅವಳು ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದಳು.

ಜೊತೆಗೆ ಇನ್ನೊಂದು ಮುಳ್ಳು. ಐದು ವಾರದ ಕಾಗದಗಳಲ್ಲಿ ಅಡುಗೆಯವಳ ಹೆಸರಿತ್ತು, ಮೊಟ್ಟೆಯವನ ಹೆಸರಿತ್ತು, ತಿಕೋಟಾದ ಪಿ.ಟಿ. ಮಾಸ್ತರ ಸಮ್ಯಕ್ ಸರ್ ಹೆಸರೂ ಇತ್ತು. ಒಂದು ಸಲಕ್ಕಾದರೂ ಒಂದು ಮಗುವಾದರೂ ವಿಶಾಖಾ ಟೀಚರ್ ಅಂತ ಬರೆದಿರಲಿಲ್ಲ. ಅಜಿತ ಅಲ್ಲಿ ತನ್ನ ಹೆಸರನ್ನೇ ಎತ್ತುವುದಿಲ್ಲವೇನೋ. ಎತ್ತಿದ್ದರೆ ಮಕ್ಕಳ ಬಾಯಿಗೆ ಬರುತ್ತಿರಲಿಲ್ಲವೇ?

ಅವನ ಫೋನು ಬಂದರೆ ಎತ್ತುವುದನ್ನು ಬಿಟ್ಟಳು. ಕೆಲಸದಾಗ ಇದ್ದೇನ್ರಿ ಅಂತ ಮೆಸೇಜು. ಕಾಗದ ಮುಟ್ಟಿದಾವೇನ್ರಿ ಅಂತ ಅವನು ಕೇಳಿದರೆ ಹೆಬ್ಬೆರಳಿನ ಒಂದು ಚಿತ್ರ. ಅವನೂ ಮೊದಲೇ ಅಂಜುಬುರುಕ. ಎರಡು ದಿನಕ್ಕೊಮ್ಮೆ ಬರುತ್ತಿದ್ದ ಫೋನು ವಾರಕ್ಕೊಮ್ಮೆ ಆಯಿತು. ಅದನ್ನೂ ಅವಳು ಪೂನಮಳ ಲೆಕ್ಕಕ್ಕೇ ಹಚ್ಚಿದಳು.

ಶಾಲೆಯಲ್ಲಿ ಅವಳ ಪಕ್ಕದ ಕುರ್ಚಿಯ ತಬಸ್ಸುಮ್ ಟೀಚರ್ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಕಾಗದದ ಕಟ್ಟಿನ ಮೇಲೆ ಕೈ ಇಟ್ಟಳು.

"ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ. ಹೊಟ್ಟಿಕಿಚ್ಚು ಅಂತ ಬರಿಯೋದಾದ್ರ ದೊಡ್ಡಕ್ಷರನೋ ಸಣ್ಣಕ್ಷರನೋ?"

"ಸಣ್ಣದು. ಅದೇನು ಯಾರ ಹೆಸರೂ ಅಲ್ಲ."

"ಹಂಗಾರ ಇಷ್ಟು ದೊಡ್ಡದ್ಯಾಕ ಮಾಡಾಕತ್ತಿ?"

ವಿಶಾಖಾ ನಗಲಿಲ್ಲ. ತಬಸ್ಸುಮ್ ಅವನಿಗೆ ಫೋನು ಮಾಡಿ ನೇರ ಕೇಳು ಅಂದಳು. ಕೇಳಲು ತನಗೆ ಯಾವ ಹಕ್ಕಿದೆ ಅಂತ ವಿಶಾಖಾಗೆ ತಿಳಿಯಲಿಲ್ಲ. ಅವನು ಕೊಟ್ಟದ್ದು ಒಂದು ಬಸ್ ಸ್ಟ್ಯಾಂಡಿನ ಮಾತು. ಅದರಲ್ಲಿ ಮದುವೆಯ ಶಬ್ದವೇ ಇರಲಿಲ್ಲ.

ಆ ಹೊತ್ತಿಗೆ ವರ್ಗಾವಣೆಯ ಅರ್ಜಿ ನಮೂನೆಗಳು ಬಂದವು. ಹೆಡ್ ಮಾಸ್ತರರು ಶನಿವಾರದೊಳಗೆ ಕೊಟ್ಟರೆ ಮೇಲೆ ಕಳಿಸುವುದಾಗಿ ಹೇಳಿದರು. ವಿಶಾಖಾ ಎರಡು ವರ್ಷದಿಂದ ಅರ್ಜಿ ಹಾಕದೆ ಬಿಟ್ಟಿದ್ದಳು. ಯಾಕೆ ಬಿಟ್ಟಿದ್ದಳು ಎನ್ನುವುದು ಬೇವಿನ ಮರಕ್ಕೆ ಗೊತ್ತಿತ್ತು. ಈ ಸಲ ಒಂದು ಅರ್ಜಿ ಇಸಿದುಕೊಂಡು ಬ್ಯಾಗಿನಲ್ಲಿ ಇಟ್ಟಳು. ಬರೆಯಲಿಲ್ಲ. ಇನ್ನೂ ನಾಲ್ಕು ದಿನ ಇತ್ತು.

ಮರುದಿನ ಬುಧವಾರದ ಕಟ್ಟು ಬಂತು. ಮೇಲಿನದೇ ಕಾಗದ. ಮಗುವಿನ ಅಕ್ಷರ, ಸಾಲು ತುಸು ಮೇಲಕ್ಕೇರಿತ್ತು. 'ಅಜಿತ್ ಸರ್ ವೆಂಟ್ ಟು ಭೂತನಾಳ ವಿತ್ ಪೂನಮ್ ಟೀಚರ್ ಆನ್ ಸಂಡೇ.'

ಅವಳು ಮೂರು ಸಲ ಓದಿದಳು. ಭೂತನಾಳ. ತನ್ನ ಊರು. ದಸರೆಗೆ ಬರುತ್ತೇನೆ ಅಂದಿದ್ದ ಊರು. ಐತವಾರ ಅವಳು ಮನೆಯಲ್ಲೇ ಇದ್ದಳು. ಅಂಗಳದಲ್ಲಿ ಕುಳಿತು ಇದೇ ಮಕ್ಕಳ ಕಾಗದ ತಿದ್ದುತ್ತಿದ್ದಳು. ಅಷ್ಟು ಹೊತ್ತಿಗೆ ಅವನು ಆ ಹಲ್ಲಿನ ಸಂದಿಯ ನಗುವಿನ ಜೊತೆ ಕೆರೆಯ ಏರಿಯ ಮೇಲೆ ನಡೆದಿದ್ದ. ತನ್ನ ಮನೆಯ ಮಾಳಿಗೆ ಅಲ್ಲಿಂದ ಕಾಣುತ್ತದೆ. ಪೂನಮ ಕೈ ಮಾಡಿ ಅದ್ಯಾರ ಮನಿ ಅಂತ ಕೇಳಿರಬಹುದು. ಯಾರದೋ ಅಂತ ಅವನು ಹೇಳಿರಬಹುದು.

ಉಳಿದ ದೊಡ್ಡಕ್ಷರವೆಲ್ಲ ಆ ಮಗು ಸರಿಯಾಗಿ ಬರೆದಿತ್ತು. ಭೂತನಾಳದ್ದು ಮಾತ್ರ ತಪ್ಪಿತ್ತು. ವಿಶಾಖಾ ತಿದ್ದಿದಳು. ಪೆನ್ನಿನ ಮೊನೆ ಕಾಗದವನ್ನು ತೂತು ಮಾಡಿತು.

ಸಂಜೆ ಮನೆಯಲ್ಲಿ ಅಪ್ಪನನ್ನು, ಐತವಾರ ಏರಿ ಮ್ಯಾಲೆ ಹೊರಗಿನವರು ಯಾರಾದರೂ ಬಂದಿದ್ದರೇನು ಅಂತ ಕೇಳಿದಳು. ಕರೆಪ್ಪ, ಐತವಾರ ಕೆರಿ ದಂಡಿಗೆ ನೂರು ಮಂದಿ ಬರ್ತಾರ, ಯಾರಂತ ನೋಡ್ಲಿ ಅಂದ. ಅವ್ವ ರೇಣವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಮಗಳ ಮುಖ ನೋಡಿದಳು.

"ಮಾತು ಮನಸಿನಾಗ ಭಾಳ ದಿನ ಇಟ್ಟಕೋಬಾರದು ಯವ್ವಾ. ಹುಳಿ ಆಗತೈತಿ."

ವಿಶಾಖಾ ಅರ್ಜಿ ತೆಗೆದು ಬರೆದಳು. ಬೇಕಾದ ಸ್ಥಳ ಎನ್ನುವ ಜಾಗದಲ್ಲಿ ಇಂಡಿ ತಾಲೂಕು ಅಂತ ಹಾಕಿದಳು. ಇಂಡಿಯ ದಾರಿ ತಿಕೋಟಾಕ್ಕೂ ಹೋಗುವುದಿಲ್ಲ, ಬಬಲೇಶ್ವರಕ್ಕೂ ಹೋಗುವುದಿಲ್ಲ. ಅಷ್ಟೇ ಅದರ ಗುಣ.

ಆದರೂ ತಿದ್ದಿದ ಕಾಗದ ಮಕ್ಕಳಿಗೆ ಮುಟ್ಟಬೇಕಲ್ಲ. ಇನ್ನು ಮೇಲೆ ಕಳಿಸಬೇಡಿ ಅಂತ ಹೇಳುವುದಾದರೆ ಮೊಟ್ಟೆಯವನ ಕೈಯಲ್ಲಿ ಹೇಳಿ ಕಳಿಸುವುದು ಸರಿಯಲ್ಲ, ಎದುರು ನಿಂತು ಹೇಳಬೇಕು. ಹೀಗೆ ಕರ್ತವ್ಯದ ನೆಪ ಮಾಡಿಕೊಂಡು ಶುಕ್ರವಾರ ಅರ್ಧ ದಿನ ರಜೆ ಹಾಕಿ, ಅರ್ಜಿಯನ್ನೂ ಕಟ್ಟನ್ನೂ ಒಂದೇ ಬ್ಯಾಗಿನಲ್ಲಿಟ್ಟು ಬಸ್ ಸ್ಟ್ಯಾಂಡಿಗೆ ಬಂದಳು.

ದಿನಾ ನೋಡುವ ಕಂಡಕ್ಟರು ವಿಜಯಪುರದ ಬಸ್ಸು ಆ ಕಡಿಗೈತ್ರಿ ಟೀಚರ್ ಅಂದ. ಬಬಲೇಶ್ವರಕ್ಕ ಅಂದಾಗ ಇಡೀ ಬಸ್ಸಿಗೆ ತನ್ನ ಗುಟ್ಟು ತಿಳಿದಂತೆ ಅವಳ ಕಿವಿ ಬಿಸಿಯಾಯಿತು. ಅವನು ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೀಟು ಹರಿದು ಕೊಟ್ಟ. ಕಿಟಕಿಯಾಚೆ ದ್ರಾಕ್ಷಿಯ ತೋಟಗಳು, ಕಲ್ಲಿನ ಕಂಬಗಳು ಜೋಡಿ ಜೋಡಿಯಾಗಿ ಹಿಂದಕ್ಕೆ ಸರಿದವು. ಅವೂ ಜೋಡಿಯಾಗಿರುವುದು ಅವಳಿಗೆ ಸಹಿಸಲಾಗಲಿಲ್ಲ.

ಶಾಲೆಗೆ ಬಂದಾಗ ಮೂರು ಗಂಟೆ. ನಾಲ್ಕನೆಯ ತರಗತಿಯ ಕಿಟಕಿಯಿಂದ ನಗೆ ಕೇಳುತ್ತಿತ್ತು. ವಿಶಾಖಾ ಬಾಗಿಲಿಗೆ ಹೋಗದೆ ಕಿಟಕಿಗೆ ಹೋದಳು. ಟೀಚರ್ ಆದವಳು ಮಾಡುವ ಕೆಲಸವಲ್ಲ ಅದು. ಗೊತ್ತಿದ್ದೂ ಹೋದಳು.

ಒಳಗೆ ಪೂನಮ ಮೇಜಿನ ಹಿಂದೆ ಕುಳಿತಿದ್ದಳು. ಎದುರಿಗೆ ಮೂರು ಬಿಸ್ಕೀಟ ಡಬ್ಬಿ. ಒಂದಕ್ಕೆ ಮನುಷ್ಯರ ಚಿತ್ರ ಅಂಟಿಸಿತ್ತು, ಇನ್ನೊಂದಕ್ಕೆ ಮನೆಯದು, ಮತ್ತೊಂದಕ್ಕೆ ಕ್ಯಾಲೆಂಡರಿನ ಚೂರು. ನಿರ್ಮಲಾ ಎಂದು ಕರೆದಾಗ ಒಂದು ಹುಡುಗಿ ಬಂದು ಕಣ್ಣು ಮುಚ್ಚಿ ಮೊದಲ ಡಬ್ಬಿಯಿಂದ ಎರಡು ಚೀಟಿ, ಉಳಿದ ಎರಡರಿಂದ ಒಂದೊಂದು ಚೀಟಿ ಎತ್ತಿದಳು. ನಾಲ್ಕನ್ನೂ ಜೋಡಿಸಿ ಗಟ್ಟಿಯಾಗಿ ಓದಿದಳು.

"ರಾಚವ್ವ ವೆಂಟ್ ಟು ಲಂಡನ್ ವಿತ್ ಅಜಿತ್ ಸರ್ ಆನ್ ವೆನ್ಸ್‌ಡೇ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಪಕ್ಕದ ಅಡುಗೆ ಕೋಣೆಯಿಂದ ರಾಚವ್ವನ ದನಿ ಬಂತು, ಬುಧವಾರ ಆಗೂದಿಲ್ಲ ಯಪ್ಪಾ, ಪಾತ್ರಿ ತಿಕ್ಕೂವು ಭಾಳ ಅದಾವು. ನಿರ್ಮಲಾ ವಾಕ್ಯವನ್ನು ಕಾಗದಕ್ಕೆ ಇಳಿಸಲು ಕುಳಿತಳು. ಯಾವ ಅಕ್ಷರ ಏಳಬೇಕು, ಯಾವುದು ಕೂರಬೇಕು ಅಂತ ಬೆರಳಿನಿಂದ ತೋರಿಸಿಕೊಳ್ಳುತ್ತ.

ವಿಶಾಖಾ ಕಿಟಕಿಯ ಸರಳು ಹಿಡಿದು ನಿಂತೇ ಇದ್ದಳು. ಜೈನಾಪುರ ಇಲ್ಲ, ಕಾಖಂಡಕಿ ಇಲ್ಲ, ಗೋಳಗುಮ್ಮಟ ಇಲ್ಲ. ಐದು ವಾರದ ಕಿಚ್ಚು ಮೂರು ಬಿಸ್ಕೀಟ ಡಬ್ಬಿಯಿಂದ ಎದ್ದದ್ದು. ಸಮಾಧಾನ ಮೊದಲು ಬಂತೋ ನಾಚಿಕೆ ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ.

ಯಾವುದೋ ಮಗು ಅವಳನ್ನು ಕಂಡು ಬೆರಳು ಮಾಡಿತು. ಪೂನಮ ಎದ್ದು ಬಂದು ಒಳಗೆ ಕರೆದಳು, ನೀರು ಕೊಟ್ಟಳು. ವಿಶಾಖಾ ಡಬ್ಬಿಗಳ ಬಗ್ಗೆ ಕೇಳಿದಾಗ ಪೂನಮ ಹೇಳಿದ್ದು ಇಷ್ಟು. ಮಕ್ಕಳಿಗೆ ಸ್ವಂತ ವಾಕ್ಯ ಬರಲಿಲ್ಲ, ಚೀಟಿಯ ಆಟ ತಾನೇ ಹೇಳಿಕೊಟ್ಟದ್ದು. ನಡೆದದ್ದನ್ನೇ ಬರೆಯಬೇಕು ಎನ್ನುವುದು ವಿಶಾಖಾ ಟೀಚರ್ ನಿಯಮ, ಮುರಿದದ್ದು ಗೊತ್ತಾದರೆ ಬೇಸರ ಮಾಡಿಕೊಂಡಾರು ಅಂತ ಸರ್ ಹೇಳಲು ಅಂಜಿದರು. ಡಬ್ಬಿಯಲ್ಲಿ ದೊಡ್ಡವರ ಹೆಸರು ಇರುವುದೇ ಐದಾರು, ಹಾಗಾಗಿ ಸುತ್ತಿ ಸುತ್ತಿ ಅವೇ ಬೀಳುತ್ತವೆ.

"ನನ್ನ ಹೆಸರು ಇಲ್ಲೇನ್ರಿ ಅದರಾಗ?" ವಿಶಾಖಾ ಕೇಳಿಬಿಟ್ಟಳು. ಕೇಳಿದ ಮೇಲೆ, ಕೇಳಬಾರದಿತ್ತು ಅನ್ನಿಸಿತು.

ಪೂನಮ ತುಸು ಹೊತ್ತು ಡಬ್ಬಿಯ ಮುಚ್ಚಳ ತಿರುಗಿಸಿದಳು.

"ಇತ್ತರಿ. ಎಲ್ಲಾರಕಿಂತ ಮೊದಲ ಬರದದ್ದಽ ನಿಮ್ಮ ಹೆಸರು. ಮೊದಲನೇ ದಿನಾನಽ ಸರ್ ತಗದ್ರು. ಯಾಕಂತ ಅವರನ್ನಽ ಕೇಳ್ರಿ."

ಅಷ್ಟರಲ್ಲಿ ಅಜಿತ ಬಾಗಿಲಲ್ಲಿದ್ದ. ನೀರಿನ ಟಾಕಿಯ ಹತ್ತಿರ ಕೈ ತೊಳೆದು ಬಂದಿದ್ದ, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳನ್ನು ಕಂಡು ಒರೆಸಿಕೊಳ್ಳುವುದನ್ನೇ ಮರೆತ.

ಪೂನಮ ಇಬ್ಬರನ್ನೂ ಒಂದು ಸಲ ನೋಡಿದಳು. ಮೂರು ಡಬ್ಬಿ ಒಂದರ ಮೇಲೊಂದು ಇಟ್ಟುಕೊಂಡು, ಮಕ್ಕಳನ್ನು ಅಂಗಳದಲ್ಲಿ ಆಡಿಸುತ್ತೇನೆ ಅಂತ ಸಾಲು ಮಾಡಿ ಕರೆದುಕೊಂಡು ಹೋದಳು. ಬಾಗಿಲು ತೆರೆದೇ ಇತ್ತು. ಆದರೂ ಕೋಣೆ ಖಾಲಿಯಾಯಿತು.

ಅಜಿತ ಮಕ್ಕಳ ತಗ್ಗು ಬೆಂಚಿನ ಮೇಲೆ ಕುಳಿತ. ವಿಶಾಖಾ ಕಟ್ಟು ತೆಗೆದು ಮೇಜಿನ ಮೇಲೆ ಇಡುವಾಗ ಅರ್ಜಿಯೂ ಜಾರಿ ಅವನ ಕಾಲ ಹತ್ತಿರ ಬಿತ್ತು. ಅವನು ಎತ್ತಿಕೊಂಡ. ಓದಬಾರದು ಅಂತ ಮಡಚಲು ಹೋಗಿ, ಇಂಡಿ ಎನ್ನುವುದನ್ನು ಕಂಡು ಕೈ ತಡೆದ.

"ಯಾವಾಗ ಕೊಡೋದೈತ್ರಿ ಇದನ್ನ?"

"ನಾಳೆ."

ಅಂಗಳದಲ್ಲಿ ಮಕ್ಕಳು ಕೂಗುತ್ತಿದ್ದರು. ಅವನ ಕೊರಳಲ್ಲಿ ಶಾಲೆಯ ಗುರುತಿನ ಕಾರ್ಡು ಇತ್ತು. ಅದರ ಪ್ಲಾಸ್ಟಿಕ್ ಚೀಲದ ಹಿಂದುಗಡೆಯಿಂದ ಎರಡು ಬೆರಳಿನಲ್ಲಿ ಒಂದು ಚೀಟಿ ಎಳೆದು, ಕೆಂಪು ಪೆನ್ನು ಕೊಡುತ್ತಿದ್ದ ಹಾಗೆಯೇ, ಹೆಸರು ಅವಳ ಕಡೆ ಕಾಣುವಂತೆ ತಿರುಗಿಸಿ ಕೊಟ್ಟ. ಅಂಚು ಮೆತ್ತಗಾಗಿತ್ತು. ವಿಶಾಖಾ ಟೀಚರ್ ಅಂತ ಇಂಗ್ಲಿಷಿನಲ್ಲಿ ಅವನದೇ ಅಕ್ಷರ.

"ಮೊದಲನೇ ದಿನ ಒಬ್ಬ ಹುಡುಗ ಎತ್ತಿದ್ರಿ. ವಿಶಾಖಾ ಟೀಚರ್ ಸಂಡೇ ಬೆಳಗಾವಿಗೆ ಹೋದ್ರು, ಸಮ್ಯಕ್ ಸರ್ ಕೂಡ."

"ನಮ್ಮ ಪಿ.ಟಿ. ಮಾಸ್ತರ್ರು? ಅವರಿಗೆ ಎರಡು ಮಕ್ಕಳದಾವ್ರಿ."

"ಗೊತ್ತೈತ್ರಿ."

"ಆಟ ಅದು."

"ಅದೂ ಗೊತ್ತೈತ್ರಿ." ಅವನು ಕೈಯಲ್ಲಿದ್ದ ಅರ್ಜಿಯನ್ನೇ ನೋಡುತ್ತಿದ್ದ. "ಹುಡುಗ್ರು ನಕ್ಕರು. ನನಗ ನಗಾಕ ಆಗಲಿಲ್ಲ. ನಾಳೆ ಮತ್ಯಾರ ಕೂಡ ಬೀಳತೈತೋ ಅಂತ ತಗದು ಇಟ್ಟಕೊಂಡೇನಿ."

ವಿಶಾಖಾ ಚೀಟಿಯನ್ನು ತಿರುಗಿಸಿ ನೋಡಿದಳು. ಈ ಮನುಷ್ಯ ಒಂದು ಚೀಟಿ ತಾಳಲಿಲ್ಲ. ತನ್ನ ಹೆಸರು ಆ ಕಾಗದಗಳಲ್ಲಿ ಯಾಕೆ ಇಲ್ಲ ಅಂತ ತಾನು ಅಷ್ಟು ದಿನ ಕುದಿದದ್ದು, ಅದು ಇವನ ಎದೆಯ ಮೇಲೆ ತೂಗುತ್ತಿದ್ದುದಕ್ಕೆ.

"ನೀವು ಒಂದಽ ಚೀಟಿಗೆ ಇಷ್ಟು ಮಾಡೀರಿ," ಎಂದಳು. "ನಾ ಹನ್ನೊಂದು ಪೂನಮ್ ಓದೇನಿ. ಆರಕ್ಕ ಮೊದಲನೇ ಅಕ್ಷರ ನನ್ನ ಕೈಲಿಂದಽ ದೊಡ್ಡದು ಮಾಡೇನಿ. ಅದೂ ನೀವು ಕೊಟ್ಟ ಪೆನ್ನಿಲೆ."

ಅವನು ತಲೆ ಎತ್ತಿದ. ಈ ಸಲ ರೆಪ್ಪೆ ಇಳಿಯಲಿಲ್ಲ. ಅವನ ಮುಖದಲ್ಲಿ ಒಂದೊಂದೇ ಸಂಗತಿ ಅರ್ಥವಾಗುತ್ತ ಹೋದದ್ದನ್ನು ಅವಳು ನೋಡಿದಳು: ಎತ್ತದ ಫೋನು, ಹೆಬ್ಬೆರಳಿನ ಚಿತ್ರ, ಇಂಡಿ. ಆಮೇಲೆ ತುಟಿಯ ಒಂದು ಮೂಲೆಯಲ್ಲಿ ನಗೆ ಕಾಣಿಸಿತು. ಅವಳು ಬೇಕಂತಲೇ ಹಲಗೆಯ ಕಡೆ ನೋಡಿದಳು. ಅಲ್ಲಿ ಪೂನಮಳ ಅಕ್ಷರದಲ್ಲಿ ವಾರದ ಏಳು ಹೆಸರು ಸಾಲಾಗಿ ನಿಂತಿದ್ದವು.

"ದಸರಾ ತನಕ ಯಾಕ ಕಾಯಾಕತ್ತಿದ್ದೆ ಅಂತ ನನಗೂ ಗೊತ್ತಿಲ್ಲರಿ," ಅವನು ಮೆಲ್ಲಗೆ ಅಂದ. "ಅಂಜಿಕಿ, ಮತ್ತೇನಿಲ್ಲ. ನಿಮ್ಮ ಅಪ್ಪಾರು ಒಲ್ಲೆ ಅಂದ್ರ ಅನ್ನೋದಕಿಂತ, ನೀವು ಅಂದ್ರ ಅಂತ."

ಮೇಜಿನ ಮೇಲೆ ಹಾಜರಿ ಪುಸ್ತಕ ಇತ್ತು. ವಿಶಾಖಾ ಅದನ್ನು ತೆರೆದಳು. ಮಕ್ಕಳ ಹೆಸರಿನ ಪಟ್ಟಿಯ ಮೇಲೆ ಬೆರಳು ಇಟ್ಟಳು, ಓದುವವಳ ಹಾಗೆ. ಸರ್ ಎನ್ನಲಿಲ್ಲ, ರೀ ಎನ್ನಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಬರಿಯ ಹೆಸರು ಹಿಡಿದು ಕರೆದಳು.

"ಅಜಿತ."

ಅವನು ಎದ್ದು ನಿಂತ.

ಮೊಣಕಾಲು ಬೆಂಚಿಗೆ ತಾಗಿ ಸದ್ದಾಯಿತು. ಅವನು ಅದನ್ನು ಗಮನಿಸಲಿಲ್ಲ. ಅವಳೂ ಪುಸ್ತಕದಿಂದ ಕಣ್ಣು ಎತ್ತಿದಳು. ನಡುವೆ ಒಂದು ಮೇಜು, ಮೂವತ್ತೆರಡು ಕಾಗದ.

"ಈ ಐತವಾರ ಭೂತನಾಳಕ್ಕ ಬರ್ರಿ," ಎಂದಳು. "ಮುಂಜಾನೆ ಅಪ್ಪ ಮನ್ಯಾಗ ಇರ್ತಾನ. ಆದ್ರ ಒಬ್ಬರಽ ಬರ್ರಿ."

ಅವನು ಬಂದ. ಒಬ್ಬನೇ ಬಂದ. ಕರೆಪ್ಪ ಅವನನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ಕೆರೆಯ ತೂಬು, ಹಳೆಯ ಪೈಪು, ನೀರು ಬಿಡುತ್ತಿದ್ದ ಹೊತ್ತು ಎಲ್ಲ ಒಂದು ತಾಸು ವಿವರಿಸಿದ. ಹೇಳಬೇಕಾದ ಮಾತಿಗೆ ಅಜಿತನಿಗೆ ಸಂದಿಯೇ ಸಿಗಲಿಲ್ಲ. ಕೊನೆಗೆ ಚಹಾ ಕೊಡುತ್ತ ರೇಣವ್ವನೇ, ಪೈಪಿನ ಮಾತು ಸಾಕು, ಹುಡುಗ ಬ್ಯಾರೆ ಮಾತಿಗೆ ಬಂದಾನ ಅಂತ ಗಂಡನ ಕೈಗೆ ಕಪ್ಪು ಇಟ್ಟಳು. ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಿಟ್ಟ ಮೊದಲ ಐತವಾರ ವಿಜಯಪುರದ ಬುದ್ಧವಿಹಾರದಲ್ಲಿ ಮದುವೆ ಆಯಿತು.

ಅರ್ಜಿ ಹೆಡ್ ಮಾಸ್ತರರಿಗೆ ಮುಟ್ಟಲಿಲ್ಲ. ಅದರ ಹಿಂಬದಿ ಖಾಲಿ ಇತ್ತು, ಕಾಗದವೂ ಗಟ್ಟಿ. ಅದನ್ನು ಕೊಡಬೇಕಾಗಿದ್ದ ಆ ಶನಿವಾರವೇ ವಿಶಾಖಾ ಅದರಿಂದ ಇಪ್ಪತ್ತು ಚೀಟಿ ಕತ್ತರಿಸಿ ತಿಕೋಟಾದ ಮಕ್ಕಳಿಗೂ ಮೂರು ಡಬ್ಬಿ ಮಾಡಿದಳು. ಮನುಷ್ಯರ ಡಬ್ಬಿಯಲ್ಲಿ ಎಲ್ಲರ ಹೆಸರೂ ಇತ್ತು. ಅಜಿತನದೊಂದು ಬಿಟ್ಟು. ಯಾಕೆ ಅಂತ ತಬಸ್ಸುಮ್ ಕೇಳಲಿಲ್ಲ, ಬರೀ ಕೆಮ್ಮಿದಳು.

ಇನ್ನು, ನನಗೆ ತಿಳಿಯದೇ ಉಳಿದದ್ದು ಒಂದಿದೆ. ಅದನ್ನು ಮುಚ್ಚಿಟ್ಟರೆ ಕಥೆಗೆ ಮೋಸ.

ಮದುವೆಗೆ ಮುಂಚೆ ಒಂದು ದಿನ ವಿಶಾಖಾ, ಕಟ್ಟಿನಿಂದ ತೆಗೆದು ತಾನೇ ಇಟ್ಟುಕೊಂಡಿದ್ದ ಆ ಭೂತನಾಳದ ಕಾಗದವನ್ನು ಅಜಿತನಿಗೆ ತೋರಿಸಿ, ಇದೊಂದು ಬೀಳದಿದ್ದರೆ ನಾನು ಬರುತ್ತಲೇ ಇರಲಿಲ್ಲ ಅಂದಳು. ಅಜಿತ ಅದನ್ನು ಬಹಳ ಹೊತ್ತು ನೋಡಿದ. ಊರಿನ ಡಬ್ಬಿಯ ಚೀಟಿಗಳನ್ನೆಲ್ಲ ಬರೆದವನು ಅವನು. ಬಬಲೇಶ್ವರ, ಜೈನಾಪುರ, ಕಾಖಂಡಕಿ, ಗೋಳಗುಮ್ಮಟ, ದಿಲ್ಲಿ, ಲಂಡನ್, ಬೆಳಗಾವಿ. ಭೂತನಾಳ ಬರೆದೇ ಇರಲಿಲ್ಲ. ಅವಳ ಹೆಸರನ್ನು ತೆಗೆದವನು ಅವಳ ಊರನ್ನು ಡಬ್ಬಿಯಲ್ಲಿ ಬಿಟ್ಟಾನೆಯೇ? ಬಬಲೇಶ್ವರದ ಮಕ್ಕಳಿಗೆ ಆ ಊರು ಗೊತ್ತೂ ಇರಲಿಲ್ಲ.

ಪ್ರತಿ ವಾರ ಡಬ್ಬಿ ಹಿಡಿದು ಕುಳಿತಿರುತ್ತಿದ್ದವಳು ಪೂನಮ. ವಿಶಾಖಾ ಟೀಚರ್ ಊರು ಯಾವುದು ಅಂತ ಅವಳಿಗೆ ಗೊತ್ತಿತ್ತು, ಟ್ರೇನಿಂಗಿನಲ್ಲಿ ಕೇಳಿದ್ದಳು. ವಿಶಾಖಾ ಫೋನು ಎತ್ತದೆ ಅಜಿತ ಕಳೆಗುಂದಿದ್ದನ್ನು ದಿನಾ ನೋಡಿದವಳೂ ಅವಳೇ. ಮದುವೆಗೆ ಬಂದಾಗ ವಿಶಾಖಾ ಅವಳನ್ನು ಬದಿಗೆ ಕರೆದು, ಆ ಚೀಟಿ ನೀವು ಹಾಕಿದ್ರೇನು ಅಂತ ಕೇಳಿದಳು. ಮಕ್ಕಳು ಹಾಕಿರಬೇಕ್ರಿ ಎಂದಳು ಪೂನಮ. ಹಲ್ಲಿನ ಸಂದಿ ಕಾಣುವಂತೆ ನಕ್ಕಳು. ಊಟಕ್ಕೆ ನಿಲ್ಲದೆ ಜೈನಾಪುರದ ಬಸ್ಸು ಹಿಡಿದಳು.

ಅವಳೇ ಹಾಕಿದ್ದರೆ ಇವರಿಬ್ಬರನ್ನು ಕೂಡಿಸಲು ಹಾಕಿದಳೋ, ಅಥವಾ ತನ್ನ ಹೆಸರೂ ಅಜಿತನ ಹೆಸರೂ ಒಂದು ಸಲಕ್ಕಾದರೂ ಆ ಊರಿಗೆ ಜೊತೆಯಾಗಿ ಹೋಗಿ ಬರಲಿ ಅಂತ ಹಾಕಿದಳೋ, ನನಗೆ ಗೊತ್ತಿಲ್ಲ. ವಿಶಾಖಾಗೂ ಗೊತ್ತಿಲ್ಲ. ಅವಳು ಆ ತೂತು ಬಿದ್ದ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದಾಳೆ, ಆಗಾಗ ತೆಗೆದು ನೋಡುತ್ತಾಳೆ. ಈಗಲೂ ಅವಳಿಗೆ ತುಸು ಹೊಟ್ಟೆಕಿಚ್ಚು ಆಗುತ್ತದೆಯಂತೆ.